ಬಾಣಂತಿ ಕೋಣೆಯ ತೇವ ಅಳೆದದ್ದು

ಬಾಚಣಿಗೆಯ ಹಲ್ಲಿಗೆ ಸುತ್ತಿಕೊಂಡ ಉದ್ದನೆಯ ಕೂದಲು ಕಂಡರೆ ನೀವೇನು ಮಾಡುತ್ತೀರಿ? ಮುಖ ಕಿವುಚಿ, ಎಳೆದು, ಬೆರಳಿಗೆ ಸುತ್ತಿ ಕಸದ ಬುಟ್ಟಿಗೆ ಹಾಕುತ್ತೀರಿ ತಾನೆ? ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಈಗ ಬೆಳಕಿಗೆ ಹಿಡಿದು ನೋಡುತ್ತೇನೆ. ತುದಿ ಸೀಳಿದೆಯೇ, ಗಂಟಿದೆಯೇ, ಬಣ್ಣ ಹಚ್ಚಿದ್ದೇ, ಒಂದು ಗೇಣಿಗಿಂತ ಉದ್ದವಿದೆಯೇ. ಮೊನ್ನೆ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಗೆ ಸಿಕ್ಕಿಕೊಂಡಿದ್ದ ಒಂದು ಕೂದಲನ್ನು ಹೀಗೆ ಪರೀಕ್ಷೆ ಮಾಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರು ಎದ್ದು ಬೇರೆ ಸೀಟಿಗೆ ಹೋದರು. ಅವರದ್ದೇನೂ ತಪ್ಪಿಲ್ಲ.

ಚಿಕ್ಕವನಿದ್ದಾಗ ಗೋವಿಂದರಾಜನಗರದ ನಮ್ಮ ರಸ್ತೆಗೆ ಕೂದಲಿನವನು ಬರುತ್ತಿದ್ದ. ಸೈಕಲ್ಲಿನ ಹಿಂದೆ ಒಂದು ಬುಟ್ಟಿ, ಅದರಲ್ಲಿ ಸ್ಟೀಲ್ ಲೋಟ, ಚಮಚ, ಹೇರ್‌ಪಿನ್ನು, ಬಲೂನು. "ಕೂದ್ಲಮ್ಮಾ ಕೂದ್ಲೂ..." ಅಂತ ಅವನು ಕೂಗಿದರೆ ಅಮ್ಮ ಬಚ್ಚಲುಮನೆಯ ಕಿಟಕಿಯ ಸಂದಿಯಲ್ಲಿ ತುರುಕಿಟ್ಟ ಪ್ಲಾಸ್ಟಿಕ್ ಕವರ್ ಎಳೆದುಕೊಂಡು ಓಡುತ್ತಿದ್ದಳು. ವರ್ಷವಿಡೀ ಉದುರಿದ ಕೂದಲಿಗೆ ಒಂದು ಚಮಚ. ಅಮ್ಮನ ಕೂದಲು ಕಡಿಮೆ, ಅಕ್ಕನದೇ ಹೆಚ್ಚು. ನಾನು ಆ ಚಮಚದಲ್ಲಿ ಉಪ್ಪಿಟ್ಟು ತಿನ್ನಲು ಹೋದರೆ ಅಕ್ಕ ಕಿತ್ತುಕೊಳ್ಳುತ್ತಿದ್ದಳು. "ಅದು ನನ್ ಕೂದ್ಲಿಂದ ಬಂದಿರೋ ಸ್ಪೂನು. ನಿನ್ ಕೂದ್ಲಿಗೆ ಏನ್ ಬರುತ್ತೆ, ಅದ್ರಲ್ಲಿ ತಿನ್ನು." ನನ್ನ ಕೂದಲಿಗೆ ಏನೂ ಬರುತ್ತಿರಲಿಲ್ಲ. ಕೈಯಲ್ಲಿ ತಿನ್ನುತ್ತಿದ್ದೆ.

ಈ ಕೂದಲಿನ ಹುಚ್ಚು ನನಗೆ ಹತ್ತಿದ್ದು ಗಾಳಿಯ ತೇವದ ದೆಸೆಯಿಂದ. ಓದಿದ್ದು ಬಿ.ಕಾಂ. ಆದರೆ ಮೊಬೈಲಿನಲ್ಲಿ ಹವಾಮಾನ ತೋರಿಸುವ ಜಾಗದಲ್ಲಿ "ಹ್ಯುಮಿಡಿಟಿ" ಅಂತ ಒಂದು ಅಂಕಿ ಇರುತ್ತದಲ್ಲ, ಅದನ್ನು ಯಾರು, ಎಲ್ಲಿ ಕೂತು, ಹೇಗೆ ಅಳೆಯುತ್ತಾರೆ ಅನ್ನುವ ಕುತೂಹಲ ಒಂದು ಸಲ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಉಷ್ಣತೆ ಬಿಡಿ, ಮುಟ್ಟಿದರೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ನೀರನ್ನು ಗಾಳಿಯೊಳಗೆ ಎಣಿಸುವುದು ಹೇಗೆ?

ಯೋಚಿಸಿದರೆ ಮಳೆಗಾಲದಲ್ಲಿ ನಮ್ಮ ಮನೆ ತುಂಬಾ ತೇವ ಅಳೆಯುವ ಯಂತ್ರಗಳೇ ಇದ್ದವು. ಬಚ್ಚಲಿನ ಮರದ ಬಾಗಿಲು ಒಂದು. ಜುಲೈ ಬಂತೆಂದರೆ ಅದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಒಳಗಿದ್ದವರು ಎಳೆಯಬೇಕು, ಹೊರಗಿದ್ದವರು ಒದೆಯಬೇಕು. ಮದುವೆಯಾದ ಹೊಸದರಲ್ಲಿ ಭಾವ ಒಳಗೆ ಸಿಕ್ಕಿಕೊಂಡು, ಸಂಕೋಚಕ್ಕೆ ಕೂಗಲೂ ಆಗದೆ, ನಿಧಾನವಾಗಿ ಬಾಗಿಲು ತಟ್ಟುತ್ತಾ ನಿಂತಿದ್ದರು. ನಾವೆಲ್ಲ ಪಕ್ಕದ ಮನೆಯಲ್ಲಿ ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡಿದ್ದೆವು. ಇನ್ನೊಂದು ಯಂತ್ರ ನಿಪ್ಪಟ್ಟಿನ ಡಬ್ಬ. ಅಮ್ಮ ಒಂದು ನಿಪ್ಪಟ್ಟು ತೆಗೆದು ಕಿವಿಯ ಹತ್ತಿರ ಮುರಿಯುತ್ತಿದ್ದಳು. ಚಟ್ ಅಂದರೆ ಸರಿ. ಸದ್ದೇ ಬರದೆ ಬಾಗಿದರೆ, ಮುಚ್ಚಳ ಸರಿಯಾಗಿ ಹಾಕದವನು ನಾನೇ ಅಂತ ವಿಚಾರಣೆಯಿಲ್ಲದೆ ತೀರ್ಮಾನ.

ಪುಸ್ತಕದಲ್ಲಿ ಇದಕ್ಕೆ ಸಾಪೇಕ್ಷ ಆರ್ದ್ರತೆ ಅನ್ನುತ್ತಾರೆ. ಆ ಹೆಸರು ಕೇಳಿದರೇ ಆಕಳಿಕೆ ಬರುತ್ತದೆ. ನಾನು ಅದನ್ನು ಬಸ್ಸು ಅಂತ ಅರ್ಥ ಮಾಡಿಕೊಂಡಿದ್ದೇನೆ. ಗಾಳಿ ಒಂದು ಬಸ್ಸು, ನೀರಿನ ಆವಿ ಪ್ರಯಾಣಿಕರು. ನೂರು ಸೀಟಿನಲ್ಲಿ ಅರವತ್ತು ತುಂಬಿದ್ದರೆ ಅರವತ್ತು ಪರ್ಸೆಂಟ್. ವಿಚಿತ್ರ ಏನಪ್ಪಾ ಅಂದರೆ, ಬಿಸಿಯಾದರೆ ಈ ಬಸ್ಸು ಹಿಗ್ಗಿ ಸೀಟು ಜಾಸ್ತಿಯಾಗುತ್ತವೆ, ತಣ್ಣಗಾದರೆ ಕುಗ್ಗುತ್ತದೆ. ಜನ ಅಷ್ಟೇ, ಆದರೂ ಬಸ್ಸು ರಶ್ಶು. ಇನ್ನೂ ತಣ್ಣಗಾದರೆ ನಿಲ್ಲುವುದಕ್ಕೂ ಜಾಗವಿಲ್ಲದೆ ಒಂದಷ್ಟು ಜನ ಇಳಿದೇಬಿಡುತ್ತಾರೆ. ಅವರು ಇಳಿಯುವ ಸ್ಟಾಪು ನಮ್ಮ ಮನೆಯ ಹಿಂದಿನ ಕೋಣೆಯ ತಣ್ಣನೆಯ ಗೋಡೆ.

ಆ ಕೋಣೆಗೇ ಕೆಂಗೇರಿಯಿಂದ ಅಕ್ಕ ಬಾಣಂತನಕ್ಕೆ ಬಂದಳು, ಪುಟ್ಟ ಮಗಳನ್ನು ಎತ್ತಿಕೊಂಡು. ಸರಿಯಾಗಿ ಜಿಟಿಜಿಟಿ ಮಳೆಯ ದಿನಗಳಲ್ಲಿ.

ನಮ್ಮ ಕಡೆಯ ಬಾಣಂತಿ ಕೋಣೆ ನೋಡಿದ್ದೀರಲ್ಲ? ಇರುವ ಒಂದೇ ಕಿಟಕಿಯನ್ನು ಅಮ್ಮ ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕಿದಳು. ಅಕ್ಕನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಸಾಕ್ಸು. ಬೆಳಗ್ಗೆ ಪಕ್ಕದ ಬಚ್ಚಲಿನಲ್ಲಿ ಹಂಡೆಗಟ್ಟಲೆ ಬಿಸಿನೀರಿನ ಸ್ನಾನ. ಅದರ ಹಬೆಯೆಲ್ಲ ಕೋಣೆಗೆ. ಮಹಡಿಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಮಗುವಿನ ಬಟ್ಟೆಗಳನ್ನು ಕೋಣೆಯೊಳಗೇ ಹಗ್ಗ ಕಟ್ಟಿ ಹರಡಿದ್ದು. ಸಂಜೆ ಸಾಂಬ್ರಾಣಿ ಹೊಗೆ. ಬಸ್ಸು ಹೇಗೆ ತುಂಬುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

"ಅಮ್ಮಾ, ಉಸಿರು ಕಟ್ಟುತ್ತೆ ಕಣಮ್ಮಾ. ಸ್ವಲ್ಪ ಕಿಟಕಿ ತೆಗಿ," ಅಂತ ಅಕ್ಕ.

"ಹಸಿ ಮೈ. ಗಾಳಿ ತಾಗಿದ್ರೆ ಆಮೇಲೆ ಅನುಭವಿಸೋಳು ನೀನೇ," ಅಂತ ಅಮ್ಮ.

"ಗೋಡೆ ನೋಡು, ಬೂಷ್ಟು ಬಂದಿದೆ. ಇನ್ನೆರಡು ದಿನ ಕೂತ್ರೆ ನನ್ ಮೇಲೂ ಬರುತ್ತೆ."

"ಬರ್ಲಿ, ಒರೆಸ್ತೀನಿ."

ಅಪ್ಪ ಬೆಳಗ್ಗೆ ಅಂಗಡಿಗೆ ಹೋದರೆ ರಾತ್ರಿ ಬರುವವರು. ಈ ವಿಷಯದಲ್ಲಿ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಮಹಡಿಯ ಮೇಲೆ ಮಳೆ, ಗಾಳಿ ಅಳೆಯುವ ಆಟಕ್ಕೆಂದು ಆನ್‌ಲೈನಿನಲ್ಲಿ ತರಿಸಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ತೇವದ ಮೀಟರ್ ನನ್ನ ಹತ್ತಿರವಿತ್ತು. ಅದನ್ನು ಮಗುವಿನ ತೊಟ್ಟಿಲಿನ ಮೇಲಿನ ಮೊಳೆಗೆ ನೇತುಹಾಕಿ, ನ್ಯಾಯಾಧೀಶನ ಹಾಗೆ ಪಕ್ಕದಲ್ಲಿ ನಿಂತೆ. ಒಂದೆರಡು ದಿನ ಅಲ್ಲೇ ಇತ್ತು. ತೋರಿಸಿದ್ದು ಐವತ್ತೆಂಟು.

"ಐವತ್ತೆಂಟು ಅಂದ್ರೆ ಒಳ್ಳೇದಾ ಕೆಟ್ಟದ್ದಾ?" ಅಂದಳು ಅಮ್ಮ.

ಸುಳ್ಳು ಹೇಳಲಾಗಲಿಲ್ಲ. "ಒಳ್ಳೇದೇ. ಮನೆ ಒಳಗೆ ನಲವತ್ತರಿಂದ ಅರವತ್ತು ಇದ್ರೆ ಚೆನ್ನಾಗಿರುತ್ತೆ ಅಂತಾರೆ."

ಅಮ್ಮನ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ನನ್ನ ಸಾಮಾನುಗಳನ್ನೆಲ್ಲ "ದರಿದ್ರ ವೈರು" ಅನ್ನುತ್ತಿದ್ದವಳು ಆ ಮೀಟರನ್ನು ಸೆರಗಿನಿಂದ ಒರೆಸಿದಳು. ನೋಡಲು ಬಂದವರಿಗೆಲ್ಲ ತೋರಿಸಿದಳು. ಅಕ್ಕ ನನ್ನ ಕಡೆ ನೋಡಿದ ನೋಟ ಮಾತ್ರ ಬೇಡ.

"ನಿನ್ನನ್ನ ಕರೆದವರ್ಯಾರೋ ಪಂಚಾಯ್ತಿಗೆ?" ಅಂದಳು. "ಮಗು ಬಟ್ಟೆ ಮುಟ್ಟು. ನಿನ್ನೆ ಹಾಕಿದ್ದು ಇನ್ನೂ ಹಸಿ. ನಿನ್ ಮೀಟರ್‌ಗೆ ಕಣ್ಣಿಲ್ವಾ?"

ಮುಟ್ಟಿದೆ. ಹಸಿಯೇ. ಅವತ್ತು ಮಧ್ಯಾಹ್ನ ಊಟದ ತಟ್ಟೆ ಕೊಡಲು ಹೋದಾಗ ಅವಳು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಏನಾಯ್ತು ಅಂದೆ. "ಏನಿಲ್ಲ ಕಣೋ. ರಸ್ತೇಲಿ ಯಾರೋ ಸೊಪ್ಪು ಮಾರ್ಕೊಂಡು ಹೋಗೋದು ಕೇಳುಸ್ತು. ಅಷ್ಟಕ್ಕೇ ಅಳು ಬಂತು. ಹೋಗು." ಹಸಿಯಾದ ಬಟ್ಟೆ, ಬೂಷ್ಟು ಹಿಡಿದ ಗೋಡೆ, ಅಳುವ ಅಕ್ಕ, ಐವತ್ತೆಂಟು ಅನ್ನುವ ಮೀಟರ್. ಇವುಗಳಲ್ಲಿ ಒಂದು ಸುಳ್ಳು ಹೇಳುತ್ತಿತ್ತು.

ಇನ್ನೊಂದು ಮೀಟರ್ ತರೋಣವೆಂದು ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಕೌಂಟರಿನ ಮೇಲೆ ಒಂದೇ ಕಂಪನಿಯ, ಒಂದೇ ಬಣ್ಣದ ಮೂರು ಮೀಟರ್ ಒತ್ತಿಕೊಂಡು ಕೂತಿದ್ದವು. ಮೂರೂ ಬೇರೆ ಬೇರೆ ಅಂಕಿ ತೋರಿಸುತ್ತಿದ್ದವು.

"ಯಾವ್ದು ಕರೆಕ್ಟು ಅಣ್ಣಾ?" ಅಂದೆ.

ಅಂಗಡಿಯವರು ಮೂರನ್ನೂ ಒಮ್ಮೆ ನೋಡಿದರು. "ನಿಮ್ಗೆ ಯಾವ್ ನಂಬರ್ ಇಷ್ಟ ಸಾರ್? ಅದ್ನ ತಗೊಳಿ."

ಮಧ್ಯದ್ದನ್ನು ತೆಗೆದುಕೊಂಡೆ, ಯಾಕೆ ಅಂತ ಕೇಳಬೇಡಿ. ಮನೆಗೆ ತಂದು ಹಳೆಯದರ ಪಕ್ಕ ನೇತುಹಾಕಿದೆ. ಅದು ಐವತ್ತೆಂಟು, ಇದು ಎಪ್ಪತ್ತಾರು. ಒಂದು ಗಡಿಯಾರವಿದ್ದವನಿಗೆ ಗಂಟೆ ಎಷ್ಟೆಂದು ಗೊತ್ತಿರುತ್ತದೆ, ಎರಡಿದ್ದವನಿಗೆ ಅನುಮಾನ ಮಾತ್ರ ಗೊತ್ತಿರುತ್ತದೆ. ನನ್ನ ಪಾಡು ಅದೇ ಆಯಿತು.

ಹುಡುಕಿ ಹುಡುಕಿ ಓದಿದಾಗ ಸಿಕ್ಕಿದ್ದು ಉಪ್ಪು. ನಂಬುತ್ತೀರೋ ಇಲ್ಲವೋ, ಅಡುಗೆಮನೆಯ ಉಪ್ಪಿಗೆ ಒಂದು ಹಟವಿದೆ. ಸ್ವಲ್ಪ ನೀರು ಹಾಕಿ ಒದ್ದೆ ಮಾಡಿ, ಗಾಳಿಯಾಡದ ಡಬ್ಬದಲ್ಲಿಟ್ಟರೆ, ಒಳಗಿನ ತೇವವನ್ನು ಅದು ಎಪ್ಪತ್ತೈದಕ್ಕೆ ತಂದು ನಿಲ್ಲಿಸುತ್ತದೆ. ಜಾಸ್ತಿಯಿದ್ದರೆ ಹೀರಿಕೊಳ್ಳುತ್ತದೆ, ಕಡಿಮೆಯಿದ್ದರೆ ಬಿಟ್ಟುಕೊಡುತ್ತದೆ. ನಮ್ಮೂರ ಹವೆಯಲ್ಲಿ ಬೇಸಿಗೆಯಿರಲಿ ಚಳಿಯಿರಲಿ, ಹೆಚ್ಚುಕಡಿಮೆ ಅದೇ ಎಪ್ಪತ್ತೈದು. ಅದರೊಳಗೆ ಮೀಟರ್ ಇಟ್ಟು, ಅದು ಎಷ್ಟು ತೋರಿಸುತ್ತದೆ ನೋಡಿದರೆ ಅದರ ಸುಳ್ಳಿನ ಉದ್ದ ಗೊತ್ತಾಗುತ್ತದೆ. ಇದು ಓದಿದಾಗ ನನಗೆ ಆದ ಖುಷಿಗೆ ಕುಣಿಯುವುದೊಂದು ಬಾಕಿ. ಇಷ್ಟು ದಿನ ಸಾರಿಗೆ ಹಾಕಿಕೊಂಡು ತಿಂದ ಉಪ್ಪಿನೊಳಗೆ ಒಂದು ಅಂಕಿ ಅಡಗಿ ಕೂತಿತ್ತಲ್ಲ!

ಎದ್ದು ಅಡುಗೆಮನೆಗೆ ಓಡಿದರೆ ಡಬ್ಬದ ತಳದಲ್ಲಿ ಒಂದು ಚಿಟಿಕೆ ಉಪ್ಪು ಉಳಿದಿತ್ತು. ಎದುರುಮನೆ ಆಂಟಿಯ ಬಾಗಿಲು ತಟ್ಟಿದೆ.

"ಆಂಟೀ, ಒಂದ್ ಬಟ್ಟಲು ಉಪ್ಪು ಕೊಡ್ತೀರಾ?"

"ದೀಪ ಹಚ್ಚಾಯ್ತಲ್ಲೋ! ಹೊತ್ತಿಲ್ಲದ ಹೊತ್ತಲ್ಲಿ ಉಪ್ಪು ಕೇಳ್ಕೊಂಡ್ ಬರ್ತಾರಾ? ಸಕ್ಕರೆ ಬೇಕಾದ್ರೆ ಕೊಡ್ತೀನಿ, ತಗೊಂಡ್ ಹೋಗು."

ವಿಜ್ಞಾನ ಬೆಳಗಿನವರೆಗೆ ಕಾಯಿತು. ಬೆಳಗ್ಗೆ ಅಂಗಡಿಯಿಂದ ಪ್ಯಾಕೆಟ್ ತಂದು, ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ನೀರು ಹಾಕಿ, ಚೆನ್ನಾಗಿ ಕದಡಿದೆ. ನಿಪ್ಪಟ್ಟಿನ ಡಬ್ಬದಲ್ಲಿ ಅದನ್ನೂ ಎರಡು ಮೀಟರುಗಳನ್ನೂ ಇಟ್ಟು ಮುಚ್ಚಿದೆ. ಎರಡೂ ಒಂದೇ ಸಮನೆ ಏರಿ, ಹೊಸದು ತೊಂಬತ್ತರ ಹತ್ತಿರ ಹೋಯಿತು. ತಪ್ಪು ನನ್ನದೇ: ಭೇದಿಯಾದಾಗ ಕುಡಿಸುವ ಪಾನಕದಂತೆ ತೆಳ್ಳಗೆ ಮಾಡಿದ್ದೆ. ಉಪ್ಪು ಪೂರ್ತಿ ಕರಗಿಹೋದರೆ ಅದರ ಹಟವೂ ಕರಗುತ್ತದೆ. ಹಸಿ ರವೆಯ ಹದವಿರಬೇಕು, ಹರಳು ಕಣ್ಣಿಗೆ ಕಾಣಬೇಕು. ಎರಡನೇ ಸಲ ಹದ ಸರಿಬಂತು. ಆದರೆ ಡಬ್ಬ ಯಾವುದು? ನಿಪ್ಪಟ್ಟಿನದು. ಮಧ್ಯಾಹ್ನ ಅಮ್ಮ ಕೋಡುಬಳೆ ತುಂಬಲೆಂದು ಮುಚ್ಚಳ ತೆಗೆದು, "ಇದ್ಯಾವ ಸೀಮೆ ಉಪ್ಪಿನಕಾಯೋ!" ಅಂತ ಕೂಗಿದಳು. ಮೂರನೇ ಸಲ ಬೇರೊಂದು ದೊಡ್ಡ ಪ್ಲಾಸ್ಟಿಕ್ ಡಬ್ಬ ಹುಡುಕಿ ತೊಟ್ಟಿಲಿನ ಕೆಳಗೆ ಬಚ್ಚಿಟ್ಟೆ. ಮಗು ನೋಡಲು ಬಂದ ಎದುರುಮನೆ ಆಂಟಿ ಬಗ್ಗಿ ನೋಡಿ, "ದೃಷ್ಟಿಗೆ ಉಪ್ಪಿಟ್ಟಿದೀಯಾ? ಒಳ್ಳೇದ್ ಮಾಡ್ದೆ ಕಣೋ. ಈಗಿನ ಕಾಲದ ಹುಡುಗ್ರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ," ಅಂದರು. ನಾನು ವಿನಯದಿಂದ ತಲೆಯಾಡಿಸಿದೆ. ಡಬ್ಬ ಮುಟ್ಟದೆ ಹೋದರಲ್ಲ, ಅಷ್ಟು ಸಾಕು.

ಮಾರನೇ ದಿನ ಬೆಳಗ್ಗೆ ಡಬ್ಬದ ಪಾರದರ್ಶಕ ಗೋಡೆಗೆ ಕಣ್ಣಿಟ್ಟು ನೋಡಿದೆ. ಎಪ್ಪತ್ತೈದು ತೋರಿಸಬೇಕಾದಲ್ಲಿ ಹಳೆಯ ಮೀಟರ್ ಐವತ್ತನಾಲ್ಕು, ಹೊಸದು ಎಪ್ಪತ್ತೆರಡು. ಅಂದರೆ ಹಳೆಯದಕ್ಕೆ ಇಪ್ಪತ್ತೊಂದು ಸೇರಿಸಬೇಕು, ಹೊಸದಕ್ಕೆ ಮೂರು. ಕೋಣೆಯ ಅಂಕಿಗಳಿಗೆ ಸೇರಿಸಿದೆ. ಐವತ್ತೆಂಟಕ್ಕೆ ಇಪ್ಪತ್ತೊಂದು, ಎಪ್ಪತ್ತೊಂಬತ್ತು. ಎಪ್ಪತ್ತಾರಕ್ಕೆ ಮೂರು, ಎಪ್ಪತ್ತೊಂಬತ್ತು! ಬಿ.ಕಾಂ.ನಲ್ಲಿ ನನ್ನ ಬ್ಯಾಲೆನ್ಸ್ ಶೀಟು ಒಂದು ಸಲವೂ ಹೀಗೆ ಎರಡೂ ಕಡೆ ಕೂಡಿಬಂದಿರಲಿಲ್ಲ. ಹಳೆಯ ಮೀಟರ್ ಯಾಕೆ ಅಷ್ಟು ಕೆಟ್ಟಿತೋ ಸರಿಯಾಗಿ ಗೊತ್ತಿಲ್ಲ. ಒಳಗಿನ ತೆಳು ಪದರಕ್ಕೆ ಹೊಗೆ, ಎಣ್ಣೆಯ ಜಿಡ್ಡು ಆಗದು ಅಂತ ಓದಿದ್ದೆ. ಎರಡು ಸಂಜೆ ಅಮ್ಮ ಅದಕ್ಕೂ ಸೇರಿಸಿ ಸಾಂಬ್ರಾಣಿ ಹಾಕಿದ್ದಳು. ಅಥವಾ ಅದು ಹುಟ್ಟುವಾಗಲೇ ಹಾಗಿತ್ತೋ ಏನೋ.

ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಹೆಸರುಬೇಳೆ ಆರಿಸುತ್ತಿದ್ದಳು.

"ಮೊದಲು ಐವತ್ತೆಂಟು ಅಂದೆ. ಆಮೇಲೆ ಎಪ್ಪತ್ತಾರು ಅಂದೆ. ಈಗ ಎರಡೂ ಅಲ್ಲ, ಎಪ್ಪತ್ತೊಂಬತ್ತು ಅಂತೀಯ. ಇನ್ನೊಂದು ತಂದ್ರೆ ನೂರು ದಾಟುತ್ತೆ. ಹೋಗೋ, ಕೆಲ್ಸ ನೋಡ್ಕೋ."

"ಅಮ್ಮಾ, ಉಪ್ಪಲ್ಲಿ ಟೆಸ್ಟ್ ಮಾಡಿದೀನಿ!"

"ಉಪ್ಪು ಸಾರಿಗೆ ಹಾಕೋದು." ಆಮೇಲೆ ಬೇಳೆಯಿಂದ ಕಣ್ಣು ಎತ್ತದೆ ಅಂದಳು: "ನಿಮ್ಮಕ್ಕ ಹುಟ್ಟಿದಾಗ ಬಾಡಿಗೆ ಮನೆ. ಕಿಟಕಿಗೆ ಬಾಗ್ಲೇ ಇರ್ಲಿಲ್ಲ. ಗೋಣಿಚೀಲ ಕಟ್ಟಿದ್ರು, ಅದೂ ಗಾಳಿಗೆ ಹಾರೋದು. ಇವತ್ತಿಗೂ ಮೋಡ ಕವಿದ್ರೆ ನಂಗೆ ಸೊಂಟ ಹಿಡ್ಕೊಳುತ್ತೆ. ಆವಾಗ ಮುಚ್ಚೋಕೆ ಯಾರೂ ಇರ್ಲಿಲ್ಲ. ಈಗ ನಾನಿದೀನಿ."

ಎದ್ದು ಬಂದೆ. ಅಕ್ಕನಿಗೆ ವರದಿ ಒಪ್ಪಿಸಿದೆ.

"ನಂಬರ್ ಹೇಳಿದ್ರೆ ಅವಳು ನಂಬಲ್ಲ ಕಣೋ," ಅಂದಳು ಅಕ್ಕ. "ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಮಾಡು. ನಿಪ್ಪಟ್ಟು ಮುರಿದ್ರೆ ನಂಬ್ತಾಳಲ್ಲ, ಆ ತರ."

ಆಗ ನೆನಪಾದದ್ದು ಎಲ್ಲೋ ಓದಿದ್ದ ಕೂದಲಿನ ಯಂತ್ರ. ಮನುಷ್ಯನ ಕೂದಲು ತೇವ ಕುಡಿದರೆ ಇಷ್ಟೇ ಇಷ್ಟು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಹಿಂದೆ ಹವಾಮಾನದವರು ಇದರಿಂದಲೇ ಅಳೆಯುತ್ತಿದ್ದರಂತೆ. ಅಕ್ಕ ಖುಷಿಯಿಂದ ಬಾಚಣಿಗೆಯಿಂದಲೇ ಒಂದು ಎಳೆ ತೆಗೆದುಕೊಟ್ಟಳು. ಸ್ವೀಟ್ ಬಾಕ್ಸಿನ ರಟ್ಟು, ಗುಂಡುಪಿನ್ನು, ತೆಂಗಿನ ಪೊರಕೆಯ ಒಂದು ಕಡ್ಡಿ. ಕಡ್ಡಿಯ ಬುಡಕ್ಕೆ ಪಿನ್ನು ಚುಚ್ಚಿ ಅಲ್ಲಾಡುವ ಹಾಗೆ ಮಾಡಿ, ಪಿನ್ನಿನ ಪಕ್ಕದಲ್ಲೇ ಕೂದಲು ಕಟ್ಟಿ, ಅದರ ಇನ್ನೊಂದು ತುದಿಯನ್ನು ರಟ್ಟಿನ ಮೇಲ್ಭಾಗಕ್ಕೆ ಅಂಟಿಸಿದೆ. ಕೂದಲು ಉದ್ದವಾದರೆ ಕಡ್ಡಿಯ ತುದಿ ಕೆಳಗಿಳಿಯಬೇಕು. ಒದ್ದೆ ಟವೆಲ್ಲಿನಲ್ಲಿ ಸುತ್ತಿಟ್ಟು ಕಾದೆ. ಕಡ್ಡಿ ಅಲ್ಲಾಡಲಿಲ್ಲ. ಉಪ್ಪಿನ ಡಬ್ಬದಲ್ಲಿಟ್ಟೆ. ಅಲ್ಲಾಡಲಿಲ್ಲ. ಅಕ್ಕನ ಕೂದಲು ಅಮ್ಮನಷ್ಟೇ ಜಗಮೊಂಡಿಯಾಗಿ ನಿಂತಿತ್ತು.

ಕಾರಣ ಹೊಳೆಯಲು ಅರ್ಧ ದಿನ ಬೇಕಾಯಿತು. ದೂರದ ದೇಶದವರು ಬರೆದ ವಿಧಾನದಲ್ಲಿ "ಶುಭ್ರವಾದ ಕೂದಲು" ಅಂತಿತ್ತು. ಅವರಿಗೇನು ಗೊತ್ತು ನಮ್ಮ ಮನೆಯ ತಲೆ? ಹುಟ್ಟಿದಾಗಿನಿಂದ ಅಮ್ಮ ತಿಕ್ಕಿದ ಕೊಬ್ಬರಿಎಣ್ಣೆ, ಮೇಲೆ ಬಾಣಂತನದ ಹರಳೆಣ್ಣೆ. ಆ ಕೂದಲಿಗೆ ನೀರು ಸೋಕುವ ಮಾತೇ ಇಲ್ಲ. ರೇನ್‌ಕೋಟ್ ಹಾಕಿಕೊಂಡು ಕೂತಿತ್ತು. ಇನ್ನೊಂದು ಎಳೆ ತೆಗೆದು ಪಾತ್ರೆ ತೊಳೆಯುವ ಸೋಪಿನಲ್ಲಿ ಮತ್ತೆ ಮತ್ತೆ ತೊಳೆದೆ.

"ಒಂದ್ ಕೂದ್ಲಿಗೆ ಇಷ್ಟು ಸ್ನಾನಾನಾ?" ಅಂದಳು ಅಮ್ಮ, ಸಿಂಕಿನ ಹತ್ತಿರ ಬಂದು. "ನಿಂಗೇನಾದ್ರೂ ತಲೆ ಕೆಟ್ಟಿದ್ಯೇನೋ?"

ಈ ಸಲ ಒದ್ದೆ ಟವೆಲ್ಲಿನೊಳಗೆ ಕಡ್ಡಿ ಇಳಿಯಿತು. ಅಲ್ಲೊಂದು ಗೆರೆ, ನೂರು. ಉಪ್ಪಿನ ಡಬ್ಬದೊಳಗೆ ಸ್ವಲ್ಪ ಮೇಲೆ ಹತ್ತಿ ನಿಂತಿತು. ಅಲ್ಲೊಂದು ಗೆರೆ, ಎಪ್ಪತ್ತೈದು. ಅದರ ಮೇಲಿನ ಜಾಗವನ್ನು ಅಂದಾಜಿನಲ್ಲಿ ಹಂಚಿದೆ. ಕೋಣೆಗೆ ತಂದು ನೇತುಹಾಕಿದರೆ ಎಪ್ಪತ್ತೈದರ ಗೆರೆಗಿಂತ ಕೊಂಚ ಕೆಳಗೆ ಬಂದು ಕೂತಿತು. ಬೆಳಗ್ಗೆ ಅಕ್ಕನ ಸ್ನಾನ ಮುಗಿದು ಬಚ್ಚಲಿನ ಹಬೆ ಒಳನುಗ್ಗುವಾಗ ಅಮ್ಮನನ್ನು ಕರೆದು ರಟ್ಟಿನ ಮುಂದೆ ನಿಲ್ಲಿಸಿದೆ.

ಕಡ್ಡಿ ಇಳಿಯತೊಡಗಿತು. ಯಾರೂ ಮುಟ್ಟಿಲ್ಲ, ಬ್ಯಾಟರಿಯಿಲ್ಲ.

"ಇದು ಯಾವ ಕೂದ್ಲು?" ಅಂದಳು ಅಮ್ಮ.

"ಅಕ್ಕಂದು."

ಅಮ್ಮ ಹತ್ತಿರ ಬಗ್ಗಿ ಆ ಎಳೆಯನ್ನು ನೋಡಿದಳು. ಮುಟ್ಟಲು ಬೆರಳು ಚಾಚಿ ಹಿಂದೆ ತೆಗೆದಳು. ತುಂಬಾ ಹೊತ್ತು ನಿಂತಿದ್ದಳು. ನನಗೆ ಸೊಪ್ಪಿನ ಗಾಡಿಯ ಮುಂದೆ ನಿಂತ ಅಮ್ಮ ನೆನಪಾದಳು. ವ್ಯಾಪಾರಕ್ಕೆ ಮೊದಲು ಹೀಗೇ ನಿಲ್ಲುತ್ತಾಳೆ.

"ಎಷ್ಟಕ್ಕಿಂತ ಜಾಸ್ತಿಯಾದ್ರೆ ಕೆಟ್ಟದ್ದು?"

"ಎಪ್ಪತ್ತು. ಅದು ದಾಟಿದ್ರೆ ಬೂಷ್ಟು ಬರುತ್ತೆ," ಅಂದೆ.

"ತೊಂಬತ್ತು ಮಾಡ್ಕೋ."

"ಅಮ್ಮಾ, ಇದು ಚೌಕಾಸಿ ಮಾಡೋ ವಿಷ್ಯ ಅಲ್ಲ."

"ಎಂಬತ್ತು."

"ಉಪ್ಪಿನ ಗೆರೆಗೆ ನಿಲ್ಸೋಣ," ಅಂದಳು ಹಾಸಿಗೆಯ ಮೇಲಿನಿಂದ ಅಕ್ಕ. "ಎಪ್ಪತ್ತೈದು. ಇಬ್ರಿಗೂ ಬೇಡ."

ವ್ಯಾಪಾರ ಕುದುರಿತು. ಅಮ್ಮ ಮಗುವಿಗೆ ಹಚ್ಚುವ ಕಾಡಿಗೆಯಲ್ಲಿ ಬೆರಳದ್ದಿ ಆ ಗೆರೆಯ ಮೇಲೆ ದಪ್ಪ ಚುಕ್ಕೆಯಿಟ್ಟಳು. ಕಡ್ಡಿ ಚುಕ್ಕೆಗಿಂತ ಕೆಳಗಿಳಿದರೆ ಕಿಟಕಿ ತೆಗೆಯುವುದು. ಷರತ್ತುಗಳು: ಹಗಲು ಹೊತ್ತಿನಲ್ಲಿ ಮಾತ್ರ, ಸ್ಕಾರ್ಫ್ ಬಿಚ್ಚಬಾರದು, ಮಗುವನ್ನು ಈ ಮೂಲೆಗೆ ಸರಿಸಬೇಕು, ಎರಡು ಬಾಗಿಲಲ್ಲಿ ಒಂದೇ ತೆಗೆಯಬೇಕು. ಅವತ್ತು ಕಿಟಕಿಯ ಒಂದು ಬಾಗಿಲು ತೆರೆಯಿತು. ಕಡ್ಡಿ ನಿಧಾನವಾಗಿ ಮೇಲೇರಿ ಚುಕ್ಕೆ ದಾಟಿದ ಕೂಡಲೇ ಅಮ್ಮ ಬಂದು ಮುಚ್ಚಿದಳು. ಲೆಕ್ಕ ಅಂದರೆ ಲೆಕ್ಕ. ಬಟ್ಟೆಗಳು ಒಣಗತೊಡಗಿದವು. ಎಪ್ಪತ್ತೈದು ಅಂದರೇನೆಂದು ಅಮ್ಮನಿಗೆ ಇವತ್ತಿಗೂ ಬೇಕಿಲ್ಲ, ಆದರೆ ಅಡುಗೆಮನೆಯಿಂದ ಬಂದಾಗೆಲ್ಲ ಕಡ್ಡಿ ಎಲ್ಲಿದೆ ಅಂತ ನೋಡದೆ ಹೋಗುತ್ತಿರಲಿಲ್ಲ.

ಮಳೆ ಬಿಟ್ಟು ಬಿಸಿಲು ಬಂದ ದಿನ ಎಡವಟ್ಟಾಯಿತು. ಹೊರಗೆ ಚೆಂದದ ಬೆಳಕು, ರಸ್ತೆಯಲ್ಲಿ ಮಕ್ಕಳ ಗಲಾಟೆ. ಒಳಗೆ ಕಡ್ಡಿ ಚುಕ್ಕೆಗಿಂತ ಮೇಲೆ ಆರಾಮಾಗಿ ಕೂತುಬಿಟ್ಟಿತ್ತು. ಕೋಣೆ ಒಣಗಿತ್ತು. ನಿಯಮದ ಪ್ರಕಾರ ಕಿಟಕಿ ತೆಗೆಯುವಂತಿಲ್ಲ. ನಾನು ಮಾಡಿದ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ನನಗೆ ಮೊದಲ ಸಲ ಬೇಜಾರಾಯಿತು.

ಅಕ್ಕನಿಗೆ ಹಣ್ಣು ಕೊಡಲೆಂದು ಬಾಗಿಲ ಹತ್ತಿರ ಹೋದವನು ಅಲ್ಲೇ ನಿಂತೆ. ಅಕ್ಕ ಮಗು ಮಲಗಿದೆಯೇ ಅಂತ ಒಮ್ಮೆ ನೋಡಿ, ಹಾಸಿಗೆಯಿಂದ ಮೆಲ್ಲಗೆ ಎದ್ದು, ರಟ್ಟಿನ ಹತ್ತಿರ ಬಾಯಿ ತಂದು, ಕನ್ನಡಕ ಒರೆಸುವವರು ಗಾಜಿಗೆ ಉಸಿರು ಬಿಡುವ ಹಾಗೆ, "ಹಾ..." ಅಂತ ಆ ಕೂದಲ ಮೇಲೆ ಉದ್ದಕ್ಕೆ ಉಸಿರು ಬಿಟ್ಟಳು. ಮತ್ತೆ ಬಿಟ್ಟಳು. ಕಡ್ಡಿ ಕಾಡಿಗೆಯ ಚುಕ್ಕೆ ದಾಟಿ ಕೆಳಗಿಳಿಯಿತು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಹಾಸಿಗೆಗೆ ಹೋಗಿ ಕೂತು ಕೂಗಿದಳು.

"ಅಮ್ಮಾ! ಕಡ್ಡಿ ಇಳೀತು ನೋಡು!"

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ರಟ್ಟಿನ ಮುಂದೆ ನಿಂತಳು. ಉಸಿರಿನ ತೇವ ಎಷ್ಟು ಹೊತ್ತು ಉಳಿದೀತು? ಅವಳ ಕಣ್ಣೆದುರಿಗೇ ಕಡ್ಡಿ ಹಿಂದಕ್ಕೆ ಹತ್ತುತ್ತಿತ್ತು. ಅಮ್ಮ ಕಡ್ಡಿಯನ್ನು ನೋಡಿದಳು. ಗೋಡೆಯ ಕಡೆ ಮುಖ ಮಾಡಿ ಮಗುವಿನ ಹೊದಿಕೆ ಸರಿಪಡಿಸುತ್ತಿದ್ದ ಅಕ್ಕನನ್ನು ನೋಡಿದಳು. ನಾನು ಕೈಯಲ್ಲಿದ್ದ ಬಾಳೆಹಣ್ಣು ನೋಡಿದೆ. ಕಡ್ಡಿ ಚುಕ್ಕೆ ದಾಟಿ ಮೇಲೆ ಹೋಗಿ ನಿಂತಿತು.

"ಊದಿ ಊದಿ ಸುಸ್ತ್ ಮಾಡ್ಕೋಬೇಡ ಕಣೇ, ಹಸಿ ಮೈ," ಅಂದಳು ಅಮ್ಮ. "ಬೇಕು ಅನ್ಸಿದ್ರೆ ಬಾಯಲ್ಲೇ ಕೇಳು."

ಸಂದಿಯ ಸೀರೆ ಎಳೆದುಹಾಕಿ, ಕಿಟಕಿಯ ಎರಡೂ ಬಾಗಿಲು ತೆಗೆದಳು.